ಮನೆಮಟ್ಟಿಗೆ ಸಹಜವಾಗಿ ಹಂದಿ ಸಾಕುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎರಡರಿಂದ ಹಿಡಿದು ಎಂಟು ಹತ್ತು ಹಂದಿವರೆಗೆ, ಮನೆಯವರೇ ನೋಡಿಕೊಳ್ಳುವಷ್ಟು ಮಟ್ಟದಲ್ಲಿ, ಬಯಲಲ್ಲಿ ಬಿಟ್ಟು ಸಾಕಬೇಕು ಅನ್ನುವವರಿಗೆ ಇದು. ನೂರಾರು ಹಂದಿಗಳ ಶೆಡ್ಡಿನ ಲೆಕ್ಕಾಚಾರವೇ ಬೇರೆ.

ಸಹಜವಾಗಿ ಸಾಕುವುದು ಅಂದರೆ ಅದರ ಪಾಡಿಗೆ ಬಿಟ್ಟುಬಿಡುವುದಾ?

ಅಲ್ಲವೇ ಅಲ್ಲ. ಹೀಗೆ ಅಂದುಕೊಂಡು ಶುರು ಮಾಡಿದವರೇ ಮೊದಲು ಕೈ ಸುಟ್ಟುಕೊಳ್ಳುವುದು. ಹಂದಿಗೆ ಹುಟ್ಟಿನಿಂದಲೇ ಬಂದ ಕೆಲವು ಚಾಳಿಗಳಿವೆ. ಮೂತಿಯಿಂದ ನೆಲ ಉಳುತ್ತದೆ. ಸೆಕೆಯಾದರೆ ಕೆಸರಲ್ಲಿ ಹೊರಳುತ್ತದೆ. ಒಂದರ ಮೈಗೆ ಒಂದು ಒತ್ತಿಕೊಂಡು ಮಲಗುತ್ತದೆ. ಮಲಗುವ ಕಡೆಯಿಂದ ದೂರ ಹೋಗಿ ಸಗಣಿ ಹಾಕುತ್ತದೆ. ಮರಿ ಹಾಕುವ ಮೊದಲು ಗೂಡು ಕಟ್ಟುತ್ತದೆ. ಇವಿಷ್ಟಕ್ಕೂ ಜಾಗ ಮಾಡಿಕೊಡುವುದೇ ಸಹಜ ಸಾಕಣೆ. ಶೆಡ್ಡಿನಲ್ಲಿ ಕಂಬಿ, ಕಾಂಕ್ರೀಟು, ಇಂಜೆಕ್ಷನ್ನು ಮಾಡುವ ಕೆಲಸದಲ್ಲಿ ಅರ್ಧವನ್ನು ಇಲ್ಲಿ ಹಂದಿಯೇ ಮಾಡಿಕೊಳ್ಳುತ್ತದೆ. ಉಳಿದರ್ಧ ನಿಮ್ಮ ಕಣ್ಣಿನ ಕೆಲಸ. ದಿನಕ್ಕೆ ಎರಡು ಸಲ, ಮೇವಿನ ಬಕೆಟ್ ಹಿಡಿದು ಹೋದಾಗ ಯಾವುದು ಓಡಿ ಬಂತು, ಯಾವುದು ಹಿಂದೆ ಉಳಿಯಿತು, ಯಾವುದು ಎದ್ದೇ ಇಲ್ಲ ಅಂತ ನೋಡಬೇಕು. ಕೆಲಸ ಕಡಿಮೆ ಅಂತ ಮಾತ್ರ ಈ ದಾರಿಗೆ ಬರಬೇಡಿ.

ಒಂದೇ ಒಂದು ಹಂದಿ ಸಾಕಬಹುದಾ?

ಬೇಡ. ಕಡೇಪಕ್ಷ ಎರಡು ಇರಲಿ. ಒಂಟಿ ಹಂದಿ ಮಂಕಾಗುತ್ತದೆ, ಮೇವನ್ನೂ ಸರಿಯಾಗಿ ತಿನ್ನುವುದಿಲ್ಲ, ಬೇಲಿ ಮುರಿಯುವುದೇ ಅದಕ್ಕೆ ಕಸುಬಾಗುತ್ತದೆ. ಎರಡಿದ್ದರೆ ಪೈಪೋಟಿಗೆ ಬಿದ್ದಾದರೂ ತಿನ್ನುತ್ತವೆ.

ಮೊದಲ ಸಲ ಸಾಕುವವರು ಎಂಟು ವಾರ ಆಗಿರುವ, ಹಾಲು ಬಿಟ್ಟ ಮರಿಗಳನ್ನು ತನ್ನಿ. ಒಂದೇ ತಾಯಿಯ ಮರಿಗಳಾದರೆ ಇನ್ನೂ ಒಳ್ಳೆಯದು, ಹೊಡೆದಾಡುವುದಿಲ್ಲ. ಆ ವಯಸ್ಸಿಗೆ 12 ರಿಂದ 18 ಕಿಲೋ ಇರುತ್ತವೆ. ಮೊದಲ ವರ್ಷವೇ ಗಬ್ಬದ ಹಂದಿ ತಂದು ಮರಿ ಮಾಡಿಸುವ ಆಸೆ ಬೇಡ. ಒಂದು ಸಲ ಮರಿ ತಂದು ಬೆಳೆಸಿ ನೋಡಿ. ಈ ಕೆಲಸ ನಿಮಗೆ ಆಗಿಬರುತ್ತದೋ ಇಲ್ಲವೋ ಅಂತ ಆರೇಳು ತಿಂಗಳಲ್ಲಿ ಗೊತ್ತಾಗಿಬಿಡುತ್ತದೆ.

ಯಾವ ತಳಿ?

ಬಿಳಿ ಮೈಯ ಲಾರ್ಜ್ ವೈಟ್ ಯಾರ್ಕ್‌ಶೈರ್, ಲ್ಯಾಂಡ್ರೇಸ್ ಬೇಗ ಬೆಳೆಯುತ್ತವೆ, ಮರಿಯೂ ಜಾಸ್ತಿ. ಆದರೆ ಬಿಸಿಲಿಗೆ ಅವುಗಳ ಚರ್ಮ ಸುಡುತ್ತದೆ, ಕಿವಿ ಮತ್ತು ಬೆನ್ನ ಮೇಲೆ ಕೆಂಪಗೆ ಎದ್ದುಬಿಡುತ್ತದೆ. ಬಯಲಿಗೆ ಕಪ್ಪು, ಕೆಂಪು ಮೈಯವು ಒಗ್ಗುತ್ತವೆ: ಬರ್ಕ್‌ಶೈರ್, ಲಾರ್ಜ್ ಬ್ಲ್ಯಾಕ್, ಟ್ಯಾಮ್‌ವರ್ತ್, ಡ್ಯೂರಾಕ್. ನ್ಯೂಜಿಲೆಂಡಿನ ಕುನೆಕುನೆ ಗಿಡ್ಡ ಮೂತಿಯ ಹಂದಿ. ಹುಲ್ಲು ಚೆನ್ನಾಗಿ ಮೇಯುತ್ತದೆ, ನೆಲ ಅಗೆಯುವುದು ಕಡಿಮೆ, ಆದರೆ ಬೆಳೆಯುವುದು ತೀರಾ ನಿಧಾನ. ನಿಮ್ಮ ಕಡೆಯ ನಾಟಿ ಹಂದಿ ಸಿಕ್ಕಿದರೆ ಅದನ್ನು ಕಡೆಗಣಿಸಬೇಡಿ. ಮೈ ಕಟ್ಟಲು ತಡ ಮಾಡಿದರೂ ನಿಮ್ಮ ಮಳೆ ಬಿಸಿಲಿಗೆ ಅದು ಆಗಲೇ ಒಗ್ಗಿರುತ್ತದೆ. ನನ್ನ ಆಯ್ಕೆ ಕೇಳಿದರೆ ಕಪ್ಪು ಹಂದಿ ಮತ್ತು ಬಿಳಿ ಹಂದಿಯ ಮಿಶ್ರ ತಳಿ.

ಎಷ್ಟು ಜಾಗ ಬೇಕು?

ಎಷ್ಟು ಜಾಗ ಅನ್ನುವುದಕ್ಕಿಂತ ಅದನ್ನು ಎಷ್ಟು ತುಂಡು ಮಾಡುತ್ತೀರಿ ಅನ್ನುವುದು ಮುಖ್ಯ. ಬೆಳೆಯುವ ಹಂದಿಗಳಾದರೆ ಎಕರೆಗೆ ಹತ್ತರ ಆಸುಪಾಸು ಇಟ್ಟುಕೊಳ್ಳಿ. ಆ ಎಕರೆಯನ್ನು ಐದಾರು ತುಂಡು ಮಾಡಿ, ಒಂದಾದ ಮೇಲೆ ಒಂದರಲ್ಲಿ ಬಿಡಿ. ಇಡೀ ಎಕರೆಯಲ್ಲಿ ಒಟ್ಟಿಗೆ ಬಿಟ್ಟರೆ ತಿಂಗಳೊಪ್ಪತ್ತಿನಲ್ಲಿ ಹುಲ್ಲೆಲ್ಲ ಹೋಗಿ ಮಣ್ಣು ಬಾಯಿ ತೆರೆದು ಬಿದ್ದಿರುತ್ತದೆ, ಮಳೆ ಬಂದರೆ ಕೊಚ್ಚಿಕೊಂಡು ಹೋಗುತ್ತದೆ. ಅರ್ಧ ನೆಲ ಕೆದಕಿದ್ದು ಕಂಡ ಕೂಡಲೇ ಮುಂದಿನ ತುಂಡಿಗೆ ಸಾಗಿಸಿ. ಪೂರ್ತಿ ಅಗೆಯಲಿ ಅಂತ ಕಾಯಬೇಡಿ.

ಅಗೆಯುವುದು ತೊಂದರೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಬೆಳೆ ತೆಗೆದ ಹೊಲ, ಗೆಡ್ಡೆ ಕಳೆ ತುಂಬಿದ ಬೀಳು ಜಾಗ ಇದ್ದರೆ ಅಲ್ಲಿಗೆ ಬಿಡಿ. ಬೇರು, ಗೆಡ್ಡೆ, ಹುಳ ಎಲ್ಲ ಹುಡುಕಿ ತಿಂದು, ನೆಲ ಸಡಿಲ ಮಾಡಿ, ಗೊಬ್ಬರವನ್ನೂ ಹಾಕಿ ಕೊಡುತ್ತವೆ. ತಿರುಗಿ ಹುಲ್ಲು ಬರಬೇಕಾದರೆ ಹಂದಿ ಹೊರಟ ದಿನವೇ ಬೀಜ ಎರಚಿಬಿಡಿ.

ಮಲಗುವ ಜಾಗಕ್ಕೆ ನೂರು ಕಿಲೋದ ಹಂದಿಗೆ ಒಂದರಿಂದ ಒಂದೂವರೆ ಚದರ ಮೀಟರ್ ಲೆಕ್ಕ ಹಿಡಿಯಿರಿ. ಮೂರು ಕಡೆ ಗೋಡೆ, ಮೇಲೊಂದು ಸೂರು, ಒಳಗೆ ಒಣಹುಲ್ಲು. ಗಾಳಿ ಬಡಿಯದ ಕಡೆ ಬಾಗಿಲು. ಇಷ್ಟೇ ಸಾಕು.

ಬೇಲಿ ನಿಲ್ಲುತ್ತಾ?

ಬರೀ ತಂತಿ ಬೇಲಿ ನಿಲ್ಲುವುದಿಲ್ಲ. ಮೂತಿ ಕೆಳಗೆ ತೂರಿಸಿ ಎತ್ತಿಬಿಡುತ್ತದೆ. ಕರೆಂಟ್ ಬೇಲಿ ಎರಡೇ ಎಳೆ ಇದ್ದರೂ ನಿಲ್ಲುತ್ತದೆ: ಒಂದು ನೆಲದಿಂದ 15-20 ಸೆಂಟಿಮೀಟರ್ ಎತ್ತರಕ್ಕೆ, ಇನ್ನೊಂದು 40-45ಕ್ಕೆ. ಸಣ್ಣ ಮರಿಗಳಿದ್ದರೆ ಕೆಳಗೆ ಇನ್ನೊಂದು ಎಳೆ. ಆದರೆ ಹೊಸ ಮರಿಗಳನ್ನು ನೇರ ತಂದು ಕರೆಂಟ್ ಬೇಲಿಯೊಳಗೆ ಬಿಡಬೇಡಿ. ಶಾಕ್ ಹೊಡೆದಾಗ ಹಿಂದಕ್ಕೆ ಹೋಗಬೇಕು ಅಂತ ಅದಕ್ಕೆ ಗೊತ್ತಿರುವುದಿಲ್ಲ, ಕಿರುಚಿಕೊಂಡು ಮುಂದಕ್ಕೇ ನುಗ್ಗಿಬಿಡುತ್ತದೆ. ಗಟ್ಟಿ ಗೋಡೆಯ ದೊಡ್ಡಿಯೊಳಗೆ, ಗೋಡೆಗೆ ಎರಡಡಿ ಈಚೆ ತಂತಿ ಎಳೆದು ನಾಲ್ಕೈದು ದಿನ ಅಲ್ಲಿಡಿ. ಮುಂದೆ ಗೋಡೆ ಇರುವುದರಿಂದ ಹಿಂದೆ ಸರಿಯುವುದನ್ನು ಕಲಿಯುತ್ತದೆ. ಇದನ್ನು ನಾನು ಮೊದಲ ಸಲ ಮಾಡಲಿಲ್ಲ. ತಂದ ದಿನ ಸಂಜೆಯೇ ಎರಡೂ ಮರಿ ಬೇಲಿ ದಾಟಿ ಹೋದವು, ಟಾರ್ಚ್ ಹಿಡಿದು ರಾತ್ರಿಯೆಲ್ಲ ಹುಡುಕಿದ್ದಾಯಿತು.

ಕಲಿತ ಮೇಲೆ ಇನ್ನೊಂದು ತಮಾಷೆ ನೋಡುತ್ತೀರಿ. ಮುಂದಿನ ತುಂಡಿಗೆ ಸಾಗಿಸೋಣ ಅಂತ ತಂತಿ ಸುತ್ತಿ ತೆಗೆದರೆ, ತಂತಿ ಇದ್ದ ಗೆರೆಯನ್ನು ಹಂದಿ ದಾಟುವುದಿಲ್ಲ. ಆಚೆ ಹಸಿರು ಹುಲ್ಲು, ಮೇವಿನ ಬಾನಿ ಎಲ್ಲ ಕಾಣುತ್ತಿರುತ್ತದೆ. ಗೆರೆಯ ತನಕ ಬಂದು ಮೂತಿ ಚಾಚಿ, ಗಾಳಿ ಮೂಸಿ, ಗುಟುರು ಹಾಕಿ ವಾಪಸು ಹೋಗುತ್ತದೆ. ಅದೇ ಜಾಗದಲ್ಲಿ ಒಂದು ಮರದ ಗೇಟು ಇಟ್ಟು, ಯಾವಾಗಲೂ ಅದರ ಮೂಲಕವೇ ದಾಟಿಸುವ ರೂಢಿ ಮಾಡಿ. ಮತ್ತೆ, ಅವು ಅಗೆದ ಮಣ್ಣು ಕೆಳಗಿನ ತಂತಿಯ ಮೇಲೆ ಬಿದ್ದು ಕರೆಂಟು ನೆಲಕ್ಕೆ ಇಳಿದುಹೋಗುತ್ತದೆ. ದಿನಾ ಒಂದು ಸುತ್ತು ಹಾಕಿ ನೋಡಲೇಬೇಕು.

ಬಯಲಲ್ಲಿ ಮೇಯುತ್ತವಲ್ಲ, ಮೇವಿನ ಖರ್ಚು ಉಳಿಯುತ್ತೆ ಅಲ್ವಾ?

ಸ್ವಲ್ಪ ಉಳಿಯುತ್ತದೆ. ಹಂದಿ ದನದ ಹಾಗೆ ಮೆಲುಕು ಹಾಕುವ ಪ್ರಾಣಿ ಅಲ್ಲ. ಅದಕ್ಕಿರುವುದು ನಮ್ಮ ಹಾಗೆ ಒಂದೇ ಹೊಟ್ಟೆ. ಎಳೆ ಹುಲ್ಲು, ಸೊಪ್ಪು, ದ್ವಿದಳ ಮೇವು ತಿನ್ನುತ್ತದೆ, ಆದರೆ ಬೆಳೆಯುವ ಮರಿ ಹುಲ್ಲಿನ ಮೇಲೇ ಬದುಕಿದರೆ ಎಲುಬು ಕಾಣುತ್ತದೆ. ವಯಸ್ಸಾದ, ಗಬ್ಬದ ಹಂದಿ ಮಾತ್ರ ಹಸಿರಿನಿಂದ ಒಳ್ಳೆ ಪಾಲು ಎಳೆದುಕೊಳ್ಳುತ್ತದೆ.

ಲೆಕ್ಕ ಹೀಗಿದೆ. ಒಂದು ಕಿಲೋ ಮೈ ಕಟ್ಟಲು ಸುಮಾರು 3 ರಿಂದ 3.5 ಕಿಲೋ ಕಾಳು ಹಿಂಡಿಯ ಮೇವು ಬೇಕು. 15 ಕಿಲೋದ ಮರಿ 100 ಕಿಲೋ ಆಗಬೇಕಾದರೆ ಹತ್ತಿರ ಹತ್ತಿರ 300 ಕಿಲೋ. ಬಯಲಲ್ಲಿ ಓಡಾಡುವುದಕ್ಕೆ, ಚಳಿಗೆ ಮೈ ಬೆಚ್ಚಗಿಡುವುದಕ್ಕೆ ಇನ್ನೂ ಸ್ವಲ್ಪ ಜಾಸ್ತಿ. ಸಣ್ಣ ಮರಿಗೆ ಮೇವಿನಲ್ಲಿ 18% ಪ್ರೋಟೀನ್, ನಡುವೆ 16%, ಕೊನೆಗೆ 14% ಇದ್ದರೆ ಸಾಕು. ಪ್ರೋಟೀನ್ ಅಂದ ಕೂಡಲೇ ಯಾವುದೋ ಒಂದು ಹಿಂಡಿ ಸುರಿದರೆ ಆಗುವುದಿಲ್ಲ, ಹಂದಿಗೆ ಸಾಮಾನ್ಯವಾಗಿ ಮೊದಲು ಕೊರತೆಯಾಗುವುದು ಪ್ರೋಟೀನಿನ ಒಂದು ಅಂಶವಾದ ಲೈಸಿನ್. ಮೆಕ್ಕೆಜೋಳ, ತೌಡಿನಲ್ಲಿ ಅದು ಕಡಿಮೆ, ಸೋಯಾದಲ್ಲಿ ಚೆನ್ನಾಗಿದೆ. ಹಸಿ ಸೋಯಾ ಕಾಳು ಮಾತ್ರ ಹಾಕಬೇಡಿ, ಜೀರ್ಣಕ್ಕೆ ಅಡ್ಡಿ ಮಾಡುವ ಅಂಶ ಅದರಲ್ಲಿದೆ. ಹುರಿದರೆ ಹೋಗುತ್ತದೆ.

ಮನೆಯ ಮುಸುರೆ, ಕಲಗಚ್ಚು ಹಾಕಬಹುದಾ?

ತರಕಾರಿ ಸಿಪ್ಪೆ, ಬಿದ್ದ ಹಣ್ಣು, ಮಜ್ಜಿಗೆ ಧಾರಾಳವಾಗಿ ಹಾಕಿ. ಮಾಂಸ ಅಥವಾ ಮಾಂಸ ತಾಗಿದ ಎಂಜಲು ಬೇಡವೇ ಬೇಡ. ಇದು ಮಡಿ ಮೈಲಿಗೆಯ ಮಾತಲ್ಲ. ಆಫ್ರಿಕನ್ ಹಂದಿ ಜ್ವರದ ವೈರಸ್ ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ, ಫ್ರಿಜ್‌ನಲ್ಲಿಟ್ಟ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಅದಕ್ಕೆ ಔಷಧಿ ಇಲ್ಲ. ಮನುಷ್ಯರಿಗೆ ಏನೂ ಆಗುವುದಿಲ್ಲ, ಹಂದಿಗಳು ಮಾತ್ರ ಸಾಲುಸಾಲಾಗಿ ಸಾಯುತ್ತವೆ. 2001ರಲ್ಲಿ ಬ್ರಿಟನ್ನಿನಲ್ಲಿ ಕಾಲುಬಾಯಿ ರೋಗ ಹಬ್ಬಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅದು ಶುರುವಾಗಿದ್ದು ಒಂದು ಹಂದಿ ಸಾಕಣೆಯಲ್ಲಿ ಸರಿಯಾಗಿ ಬೇಯಿಸದ ಎಂಜಲು ಹಾಕಿದ್ದರಿಂದ ಇರಬೇಕು ಅಂತ ತನಿಖೆಯಲ್ಲಿ ಕಂಡುಬಂತು. ಎಷ್ಟೋ ದೇಶಗಳಲ್ಲಿ ಎಂಜಲು ಹಾಕುವುದಕ್ಕೇ ನಿಷೇಧವಿದೆ. ನಿಷೇಧ ಇಲ್ಲದ ಕಡೆಯೂ ಕನಿಷ್ಠ ಅರ್ಧ ಗಂಟೆ ಕುದಿಸಿ, ಆರಿಸಿ ಕೊಡಬೇಕು.

ಇನ್ನೇನು ಕೊಡಬಾರದು? ಬೂಸ್ಟು ಹಿಡಿದ ಕಾಳು. ಅದರಲ್ಲಿನ ವಿಷದಿಂದ ಹಂದಿ ವಾಂತಿ ಮಾಡುತ್ತದೆ, ಮೇವು ಬಿಡುತ್ತದೆ, ಎಳೆ ಹೆಣ್ಣುಗಳಿಗೆ ಬೆದೆಗೆ ಬಂದ ಹಾಗೆ ಯೋನಿ ಊದಿಕೊಳ್ಳುತ್ತದೆ. ಹಸಿರು ತಿರುಗಿದ ಆಲೂಗಡ್ಡೆ, ಹರಳು ಬೀಜ, ಹಸಿ ಮರಗೆಣಸು ಕೂಡ ಬೇಡ.

ಕೆಸರು ಗುಂಡಿ ಇರಲೇಬೇಕಾ? ನೋಡಲು ಅಸಹ್ಯ ಅಂತ ಮನೆಯವರು ಬೈತಾರೆ.

ಇರಲೇಬೇಕು. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣ್ಣಗಾಗುವುದಿಲ್ಲ. ನೀರಿನಲ್ಲಿ ಮುಳುಗಿ ಎದ್ದರೆ ಬೇಗ ಒಣಗುತ್ತದೆ, ಕೆಸರಾದರೆ ತುಂಬಾ ಹೊತ್ತು ತಂಪಾಗಿಡುತ್ತದೆ. ಒಣಗಿದ ಮೇಲೆ ಅದೇ ಬಿಸಿಲಿಗೆ ಕೊಡೆ, ನೊಣಕ್ಕೆ ತಡೆ. ಮರಕ್ಕೆ ಮೈ ಉಜ್ಜಿದಾಗ ಕೆಸರಿನ ಜೊತೆ ಹೇನೂ ಉದುರುತ್ತವೆ. ಮನೆಯವರಿಗೆ ಕಾಣದ ಮೂಲೆಯಲ್ಲಿ ಗುಂಡಿ ಮಾಡಿ, ಅಷ್ಟೇ.

ಕುಡಿಯುವ ನೀರು ಬೇರೆ ಇರಬೇಕು. ಬೆಳೆದ ಹಂದಿ ದಿನಕ್ಕೆ ಹತ್ತು ಲೀಟರ್ ಆಸುಪಾಸು ಕುಡಿಯುತ್ತದೆ, ಹಾಲೂಡಿಸುವ ತಾಯಿ 20-30 ಲೀಟರ್. ತೊಟ್ಟಿಯನ್ನು ಮಗುಚಿ ಹಾಕಿ ಅದರಲ್ಲೇ ಕೆಸರು ಮಾಡಿಕೊಳ್ಳುವುದು ಅವುಗಳ ಇಷ್ಟದ ಆಟ. ಹಾಗಾಗಿ ಭಾರದ ಕಲ್ಲು ಬಾನಿ ಅಥವಾ ಹಂದಿ ಬಾಯಿಂದ ಒತ್ತಿದರೆ ನೀರು ಬರುವ ನಿಪ್ಪಲ್ ಹಾಕಿ. ಬಿರು ಬೇಸಿಗೆಯಲ್ಲಿ ಒಂದು ದಿನ ನೀರು ತಪ್ಪಿದರೂ ಮೈಯಲ್ಲಿ ಉಪ್ಪು ಏರಿ, ಹಂದಿ ಕುರುಡಾದ ಹಾಗೆ ಸುತ್ತುತ್ತಾ ಫಿಟ್ಸ್ ಬಂದು ಬೀಳಬಹುದು. ಹಾಗೆ ಬಾಯಾರಿದ ಹಂದಿಗೆ ಒಂದೇ ಸಲ ಹೊಟ್ಟೆ ತುಂಬಾ ನೀರು ಬಿಡಬೇಡಿ, ಸ್ವಲ್ಪ ಸ್ವಲ್ಪವಾಗಿ ಕೊಡಿ.

ವಾಸನೆ?

ಹಂದಿ ನಾರುವುದಿಲ್ಲ, ಕೊಳೆತ ಗಂಜಲ ಸಗಣಿ ನಾರುತ್ತದೆ. ದೊಡ್ಡಿಯಲ್ಲಿ ಒಂದಡಿ ದಪ್ಪ ಒಣಹುಲ್ಲು, ಮರದ ಹೊಟ್ಟು ಅಥವಾ ಒಣ ಎಲೆ ಹಾಸಿ, ವಾಸನೆ ಮೂಗಿಗೆ ತಾಗಿದ ದಿನ ಮೇಲೆ ಇನ್ನೊಂದು ಪದರ ಎಳೆಯಿರಿ. ಹಂದಿಯೇ ಅದನ್ನೆಲ್ಲ ಕಲಸಿ ಕೊಡುತ್ತದೆ. ತೆಗೆದು ರಾಶಿ ಹಾಕಿ ಕೊಳೆಸಿದರೆ ಒಳ್ಳೆ ಗೊಬ್ಬರ. ರಾಶಿಯೊಳಗೆ 55 ಡಿಗ್ರಿ ಮೇಲೆ ಕಾವು ಬರಬೇಕು, ಆಗ ಜಂತುಹುಳುವಿನ ಮೊಟ್ಟೆಯೂ ಸಾಯುತ್ತದೆ.

ಜಂತುಹುಳಕ್ಕೆ ಬೆಳ್ಳುಳ್ಳಿ, ಕುಂಬಳ ಬೀಜ ಸಾಕಾಗುತ್ತಾ?

ಹಾಕಿದರೆ ಕೆಡುಕಿಲ್ಲ, ಆದರೆ ಅದನ್ನೇ ನಂಬಿ ಕೂರಬೇಡಿ. ಹಂದಿಯ ದುಂಡುಹುಳು ದಿನಕ್ಕೆ ಲಕ್ಷಗಟ್ಟಲೆ ಮೊಟ್ಟೆ ಹಾಕುತ್ತದೆ. ಆ ಮೊಟ್ಟೆಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಹೊಟ್ಟೆಗೆ ಹೋದ ಮೊಟ್ಟೆ ಮರಿಯಾಗಿ ಪಿತ್ತಜನಕಾಂಗ, ಶ್ವಾಸಕೋಶ ಸುತ್ತಿಕೊಂಡು ಬಂದು ಕರುಳಿನಲ್ಲಿ ದೊಡ್ಡ ಹುಳುವಾಗಲು ಆರರಿಂದ ಎಂಟು ವಾರ. ಕಡಿದಾಗ ಪಿತ್ತಜನಕಾಂಗದ ಮೇಲೆ ಹಾಲು ಚೆಲ್ಲಿದ ಹಾಗೆ ಬಿಳಿ ಮಚ್ಚೆ ಕಂಡರೆ ನಿಮ್ಮ ನೆಲದಲ್ಲಿ ಹುಳು ಇದೆ ಅಂತಲೇ ಅರ್ಥ.

ನಾನು ಮಾಡುವುದು ಇಷ್ಟು: ಜಾಗ ಬದಲಾಯಿಸುವುದು, ಸಗಣಿ ಪರೀಕ್ಷೆ ಮಾಡಿಸುವುದು, ಮೊಟ್ಟೆ ಕಂಡರೆ ಫೆನ್‌ಬೆಂಡಜೋಲ್ ಅಥವಾ ಐವರ್ಮೆಕ್ಟಿನ್ ಕೊಡುವುದು. ಗಬ್ಬದ ಹಂದಿಗೆ ಮರಿ ಹಾಕುವ ಎರಡು ವಾರ ಮೊದಲು ಕೊಟ್ಟರೆ ಮರಿಗಳಿಗೆ ದಾಟುವುದು ಕಡಿಮೆಯಾಗುತ್ತದೆ. ಔಷಧಿ ಕೊಟ್ಟ ಮೇಲೆ ಎಷ್ಟು ದಿನ ಕಡಿಯಬಾರದು ಅಂತ ಸೀಸೆಯ ಮೇಲೆ ಬರೆದಿರುತ್ತದೆ, ಅದನ್ನು ಮೀರಬೇಡಿ.

ಲಾಡಿಹುಳದ ಮಾತು ಬೇರೆಯೇ. ಅದು ಹಂದಿಗೆ ಬರುವುದು ನಮ್ಮಿಂದ. ಹುಳು ಇರುವ ಮನುಷ್ಯ ಬಯಲಲ್ಲಿ ಕಕ್ಕಸಿಗೆ ಹೋಗಿ, ಅದನ್ನು ಹಂದಿ ತಿಂದರೆ ಅದರ ಮಾಂಸದಲ್ಲಿ ಅಕ್ಕಿ ಕಾಳಿನಂಥ ಗುಳ್ಳೆಗಳಾಗುತ್ತವೆ. ಸರಿಯಾಗಿ ಬೇಯದ ಆ ಮಾಂಸ ತಿಂದವರ ಕರುಳಿನಲ್ಲಿ ಹುಳು ಬೆಳೆಯುತ್ತದೆ. ಅದರ ಮೊಟ್ಟೆ ಮನುಷ್ಯರ ಹೊಟ್ಟೆಗೇ ಹೋದರೆ ಮಿದುಳಿಗೂ ಹತ್ತಿ ಫಿಟ್ಸ್ ತರಿಸುತ್ತದೆ. ಆದ್ದರಿಂದ ಎಲ್ಲರಿಗೂ ಶೌಚಾಲಯ, ಹಂದಿಗೆ ಬೇಲಿ, ಚೆನ್ನಾಗಿ ಬೆಂದ ಮಾಂಸ. ಇದರಲ್ಲಿ ರಾಜಿ ಇಲ್ಲ.

ಆಂಟಿಬಯೋಟಿಕ್ ಕೊಟ್ಟರೆ ಸಹಜ ಸಾಕಣೆ ಹಾಳಾಯಿತು ಅಂತಾನಾ?

ದಿನಾ ಮೇವಿನಲ್ಲಿ ಬೆರೆಸಿ ಕೊಡುವುದು ಬೇರೆ, ಕಾಯಿಲೆ ಬಿದ್ದ ಒಂದು ಹಂದಿಗೆ ಕೊಡುವುದು ಬೇರೆ. ಮೈಮೇಲೆ ವಜ್ರದ ಆಕಾರದ ಕೆಂಪು ಉಬ್ಬು ಎದ್ದು, ಜ್ವರ ಬಂದು ಮಲಗಿದ ಹಂದಿಗೆ ಅದು ಎರಿಸಿಪೆಲಸ್ ಅನ್ನುವ ಬ್ಯಾಕ್ಟೀರಿಯಾ ರೋಗ ಆಗಿದ್ದರೆ ಪೆನಿಸಿಲಿನ್ ಕೊಟ್ಟರೆ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಎದ್ದು ನಿಲ್ಲುತ್ತದೆ. ಕೊಡದೆ ಸಾಯಲು ಬಿಡುವುದಕ್ಕೆ ಸಹಜ ಅಂತ ಹೆಸರಿಡುವುದು ನನಗೆ ಒಪ್ಪಿಗೆಯಿಲ್ಲ. ಆ ರೋಗಕ್ಕೆ ಲಸಿಕೆಯೂ ಇದೆ, ಹಾಕಿಸಿ. ಹಂದಿಯ ಮೈ ಕಾವು 38.5 ರಿಂದ 39.5 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 40 ದಾಟಿದರೆ, ಎರಡು ಹೊತ್ತು ಮೇವು ಬಿಟ್ಟರೆ ಪಶುವೈದ್ಯರಿಗೆ ಫೋನ್ ಮಾಡಿ. ಒಟ್ಟಿಗೆ ಎರಡು ಮೂರು ಹಂದಿ ಸತ್ತರಂತೂ ಯಾವುದನ್ನೂ ಆಚೆ ಸಾಗಿಸದೆ ಮೊದಲು ತಿಳಿಸಿ.

ಮೂಗಿಗೆ ರಿಂಗ್, ಬಾಲ ಕತ್ತರಿಸುವುದು, ಹಿಡ ಮಾಡುವುದು (ಗಂಡಿನ ಬೀಜ ತೆಗೆಯುವುದು)?

ರಿಂಗ್ ಹಾಕಿದರೆ ಅಗೆಯುವಾಗ ನೋವಾಗುತ್ತದೆ, ಅದಕ್ಕೇ ಅಗೆಯುವುದಿಲ್ಲ. ಅಗೆಯುವುದೇ ಬೇಡ ಅನ್ನುವವರು ಹಂದಿ ಯಾಕೆ ಸಾಕಬೇಕು? ಬಾಲ ಕತ್ತರಿಸುವುದು ಒಂದರ ಬಾಲ ಇನ್ನೊಂದು ಕಚ್ಚುತ್ತದೆ ಅಂತ. ಇಕ್ಕಟ್ಟು, ಬೇಜಾರು, ಮೇವಿನ ಕೊರತೆ ಇದ್ದ ಕಡೆ ಹಾಗೆ ಕಚ್ಚುತ್ತವೆ. ಬಯಲಲ್ಲಿ ಕಚ್ಚಲು ಶುರು ಮಾಡಿದರೆ ಏನೋ ಕಡಿಮೆ ಬಿದ್ದಿದೆ ಅಂತ ಹುಡುಕಿ. ಹಿಡ ಮಾಡುವುದು ಮಾಂಸಕ್ಕೆ ಗಂಡು ವಾಸನೆ ಬರದಿರಲಿ ಅಂತ. ಎಲ್ಲ ಗಂಡಿಗೂ ಬರುವುದಿಲ್ಲ, ಎಲ್ಲರ ಮೂಗಿಗೂ ಹತ್ತುವುದಿಲ್ಲ. ಆರು ತಿಂಗಳೊಳಗೆ ಕಡಿಯುವುದಾದರೆ ಬಿಟ್ಟರೂ ನಡೆಯುತ್ತದೆ, ಹೆಣ್ಣುಗಳಿಂದ ಬೇರೆ ಇಡಬೇಕು ಅಷ್ಟೇ. ಮಾಡಿಸುವುದಾದರೆ ಹುಟ್ಟಿದ ವಾರದೊಳಗೆ, ನೋವಿನ ಔಷಧಿ ಕೊಟ್ಟು, ಬಲ್ಲವರ ಕೈಯಲ್ಲಿ.

ಮರಿ ಮಾಡಿಸುವುದು ಹೇಗೆ?

ಹೆಣ್ಣು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಆಗಲೇ ಬಿಡಬೇಡಿ, ಎಂಟು ತಿಂಗಳಾಗಲಿ. 21 ದಿನಕ್ಕೊಮ್ಮೆ ಬೆದೆ, ಎರಡು ಮೂರು ದಿನ ಇರುತ್ತದೆ. ಸೊಂಟದ ಮೇಲೆ ಕೈಯಿಂದ ಒತ್ತಿದಾಗ ಕಂಬದ ಹಾಗೆ ನಿಂತರೆ ಸಮಯ ಬಂದಿದೆ ಅಂತ. ಗಬ್ಬದ ಲೆಕ್ಕ ಬಾಯಿಪಾಠ ಮಾಡಿಕೊಳ್ಳಿ: ಮೂರು ತಿಂಗಳು, ಮೂರು ವಾರ, ಮೂರು ದಿನ. ಸುಮಾರು 114 ದಿನ.

ದಿನ ಹತ್ತಿರ ಬಂದಾಗ ತಾಯಿಯನ್ನು ಬೇರೆ ಗೂಡಿಗೆ ಹಾಕಿ, ಒಂದು ಹೊರೆ ಒಣಹುಲ್ಲನ್ನು ಒಳಗೆ ಹಾಸದೆ ಹೊರಗೇ ಇಡಿ. ಯಾಕೆ ಅಂದರೆ ಅದನ್ನು ಹೊತ್ತು ಹಾಕುವುದು ಅವಳ ಕೆಲಸ. ನಮ್ಮ ಕಪ್ಪು ಹಂದಿ ಮಧ್ಯಾಹ್ನ ಶುರು ಮಾಡಿದರೆ ಕತ್ತಲಾದರೂ ಬಿಡುತ್ತಿರಲಿಲ್ಲ. ಮೊದಲು ಮುಂಗಾಲಿನಿಂದ ನೆಲ ಕೆರೆದು ಬಾಣಲೆಯಂಥ ತಗ್ಗು ಮಾಡುವುದು. ಆಮೇಲೆ ಬಾಯಿ ತುಂಬಾ ಹುಲ್ಲು ಕಚ್ಚಿ ತಂದು, ಹಾಕಿ, ಮೂತಿಯಿಂದ ಸರಿ ಮಾಡಿ, ಇಷ್ಟವಾಗದೆ ಎಲ್ಲ ಎಳೆದು ಹಾಕಿ ಮತ್ತೆ ಜೋಡಿಸುವುದು. ಒಂದು ಸಲ ನನ್ನ ರಬ್ಬರ್ ಚಪ್ಪಲಿಯೂ ಆ ಗೂಡಿಗೆ ಸೇರಿತ್ತು. ಗೂಡು ಮುಗಿಸಿ ಮಲಗಿದಳು, ಮೊಲೆ ಒತ್ತಿದರೆ ಹಾಲು ಬಂತು ಅಂದರೆ ಒಂದು ದಿನದೊಳಗೆ ಮರಿ.

ಹದಿನೈದು ಇಪ್ಪತ್ತು ನಿಮಿಷಕ್ಕೊಂದರಂತೆ ಬರುತ್ತವೆ. ಒಂದು ಗಂಟೆ ತಿಣುಕಿದರೂ ಮರಿ ಬರದಿದ್ದರೆ ವೈದ್ಯರನ್ನು ಕರೆಸಿ. ಮರಿಗಳು ಒಂದು, ಒಂದೂವರೆ ಕಿಲೋ ಇರುತ್ತವೆ, ಮೊದಲ ದಿನಗಳಲ್ಲಿ ಅವಕ್ಕೆ 32-34 ಡಿಗ್ರಿ ಕಾವು ಬೇಕು. ಚಳಿಗೆ ತಾಯಿಗೆ ತೀರಾ ಒತ್ತಿಕೊಂಡು ಮಲಗಿ ಅವಳ ಮೈಯಡಿಗೇ ಸಿಕ್ಕಿ ಸಾಯುವುದೇ ಜಾಸ್ತಿ. ಗೋಡೆಯಿಂದ ಮತ್ತು ನೆಲದಿಂದ ಮುಕ್ಕಾಲಡಿ ಬಿಟ್ಟು ಸುತ್ತ ಒಂದು ಮರದ ಅಡ್ಡಪಟ್ಟಿ ಕಟ್ಟಿ, ಅದರ ಹಿಂದೆ ಮರಿ ನುಸುಳಿಕೊಳ್ಳುತ್ತದೆ. ಗಿಣ್ಣುಹಾಲು ಮೊದಲ ದಿನವೇ ಎಲ್ಲಕ್ಕೂ ಸಿಗಬೇಕು.

ಕಬ್ಬಿಣಾಂಶದ ಇಂಜೆಕ್ಷನ್ ಬೇಕಾ ಅಂತಲೂ ಕೇಳುತ್ತಾರೆ. ಮರಿಗೆ ದಿನಕ್ಕೆ ಏಳು ಮಿಲಿಗ್ರಾಮಿಗೂ ಜಾಸ್ತಿ ಕಬ್ಬಿಣಾಂಶ ಬೇಕು, ತಾಯಿ ಹಾಲಿನಲ್ಲಿ ಸಿಗುವುದು ಒಂದೇ. ಕಾಂಕ್ರೀಟಿನ ಮೇಲೆ ಹುಟ್ಟಿದರೆ ಇಂಜೆಕ್ಷನ್ ಬೇಕೇ ಬೇಕು. ಬಯಲಲ್ಲಿ ಎರಡನೇ ದಿನದಿಂದಲೇ ಮಣ್ಣು ನೆಕ್ಕಿ ಪಡೆದುಕೊಳ್ಳುತ್ತವೆ. ಮಳೆಗಾಲದಲ್ಲಿ ಹೊರಗೆ ಬಿಡಲಾಗದಿದ್ದರೆ ಒಂದು ಬುಟ್ಟಿ ಒಳ್ಳೆ ಮಣ್ಣು ಗೂಡಿನೊಳಗೆ ಸುರಿಯಿರಿ, ಹಂದಿ ಓಡಾಡದ ಜಾಗದ ಮಣ್ಣಾಗಿರಲಿ. ಮರಿ ಬಿಳಿಚಿಕೊಂಡು ಏದುಸಿರು ಬಿಟ್ಟರೆ ಕಾಯದೆ ಇಂಜೆಕ್ಷನ್ ಹಾಕಿಸಿ.

ತಕ್ಕಡಿ ಇಲ್ಲದೆ ತೂಕ ಹೇಗೆ ತಿಳಿಯುವುದು?

ಟೇಪ್ ಸಾಕು. ಮುಂಗಾಲಿನ ಹಿಂದೆ ಎದೆ ಸುತ್ತಳತೆ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗೆ ಉದ್ದ, ಎರಡನ್ನೂ ಮೀಟರಿನಲ್ಲಿ ತೆಗೆದುಕೊಳ್ಳಿ. ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ ಗುಣಿಸು 69.3. ಸುತ್ತಳತೆ 1.1, ಉದ್ದ 1.2 ಇದ್ದರೆ ನೂರು ಕಿಲೋ. ಮೇವು ತಿನ್ನುವಾಗ ಅಳೆಯಿರಿ, ಬೇರೆ ಹೊತ್ತಲ್ಲಿ ನಿಲ್ಲುವುದಿಲ್ಲ.

ಕಡಿಯುವುದು ಯಾವಾಗ? ಸಾಗಿಸುವುದು ಹೇಗೆ?

ಆರರಿಂದ ಎಂಟು ತಿಂಗಳಿಗೆ, 90-110 ಕಿಲೋ ಆದಾಗ. ಹಿಂದಿನ ರಾತ್ರಿಯಿಂದ ಮೇವು ಬೇಡ, ನೀರು ಇರಲಿ. ಪ್ರಜ್ಞೆ ತಪ್ಪಿಸಿಯೇ ಕಡಿಯುವವರ ಹತ್ತಿರ ಹೋಗಿ. ಗಾಡಿಗೆ ಹತ್ತಿಸುವ ಜಗಳ ಬೇಡ ಅಂದರೆ ನಾಲ್ಕು ದಿನ ಮೊದಲೇ ಗಾಡಿಯನ್ನು ಬೇಲಿಯೊಳಗೆ ನಿಲ್ಲಿಸಿ, ಮೇವನ್ನು ಅದರೊಳಗೇ ಹಾಕುತ್ತಾ ಬನ್ನಿ. ಹೊರಡುವ ದಿನ ಬಾಗಿಲು ಹಾಕಿದರೆ ಆಯಿತು. ಹಗ್ಗ ಕಟ್ಟಿ ಎಳೆದರೆ ಹಂದಿ ಹಿಂದಕ್ಕೇ ಎಳೆಯುತ್ತದೆ. ತಲೆಗೆ ಬಕೆಟ್ ಹಿಡಿದರೂ ಹಿಂದಕ್ಕೇ ಹೋಗುತ್ತದೆ, ಹಾಗಾಗಿ ತೀರಾ ಹಟ ಮಾಡಿದರೆ ಬಕೆಟ್ ಹಿಡಿದು ಹಿಮ್ಮುಖವಾಗಿಯೇ ನಡೆಸಬಹುದು.

ತಪ್ಪಿಸಿಕೊಂಡು ಹೋದರೆ?

ಹಿಂದೆ ಓಡಬೇಡಿ. ಓಡಿದಷ್ಟೂ ದೂರ ಹೋಗುತ್ತದೆ. ದಿನಾ ಮೇವು ಹಾಕುವ ಅದೇ ಬಕೆಟ್ ತೆಗೆದುಕೊಂಡು, ಅದೇ ಜಾಗದಲ್ಲಿ ನಿಂತು, ದಿನಾ ಕರೆಯುವ ಹಾಗೇ ಕರೆದು ಕಾಳು ಅಲ್ಲಾಡಿಸಿ. ಉಳಿದ ಹಂದಿಗಳು ತಿನ್ನುವ ಸದ್ದು ಕೇಳಿದರೆ ಹೋಗಿದ್ದೂ ಬರುತ್ತದೆ. ಅರ್ಧ ಗಂಟೆ ಆದರೂ ಆಗಲಿ. ಎಷ್ಟೋ ಸಲ ಹೋದ ಕಿಂಡಿಯಲ್ಲೇ ವಾಪಸು ನುಗ್ಗುತ್ತದೆ, ಹಾಗಾಗಿ ಅದು ಬರುವ ದಾರಿ ನೋಡುತ್ತಿರಿ. ಬೇಲಿ ಎಲ್ಲಿ ಸಡಿಲವಾಗಿದೆ ಅಂತ ಅದೇ ತೋರಿಸಿಕೊಡುತ್ತದೆ.